ಕೆಡಿಸುವ ಮೊದಲು

ಮಧ್ಯಾಹ್ನ. ಬಳ್ಳಾರಿಯ ಬಿಸಿಲು
ಕಿಟಕಿಗೆ ಅಂಟಿಸಿದ ಹಳೇ ಪೇಪರನ್ನೂ ದಾಟಿ
ಕೀಬೋರ್ಡುಗಳ ಮೇಲೆ ಕೂತಿದೆ.
ಮೂವತ್ತೆರಡು ಮಕ್ಕಳು, ಹತ್ತೊಂಬತ್ತು ಪರದೆ,
ಎಸಿ ಒಂದೇ, ಅದೂ ಸರ್ವರಿನದು.
ಅದಕ್ಕೇ ಎಲ್ಲರಿಗೂ ಸರ್ವರಿನ ಮೇಲೆ ಅಷ್ಟು ಪ್ರೀತಿ.

ಒಂದು ಯಂತ್ರವನ್ನು ಬೆಳಿಗ್ಗೆ ನಾನೇ ಕಟ್ಟಿದ್ದೆ:
ಲಿನಕ್ಸು, ಡೇಟಾಬೇಸು, ಇಲ್ಲದ ಒಂದು ಅಂಗಡಿಯ ಲೆಕ್ಕ.
ಅದರಿಂದ ಮೂವತ್ತೆರಡು ಕ್ಲೋನು,
ಮುಟ್ಟಲಾಗದ ತಾಯಿಗೆ ಮುಟ್ಟಲಾಗದ ಮಕ್ಕಳು
ಒಂದೇ ಡಿಸ್ಕಿನ ಬೆನ್ನಿಗೆ ಆತುಕೊಂಡು.
ಮೊದಲ ಐದು ನಿಮಿಷ ಎಲ್ಲಕ್ಕೂ ಒಂದೇ ವಿಳಾಸ,
ಅಂಚೆಯವನು ಯಾರ ಬಾಗಿಲು ಬಡಿಯಬೇಕು?
ಹೆಸರು ಬದಲಿಸಿ, ವಿಳಾಸ ಬದಲಿಸಿ,
ಎರಡೂ ನಲವತ್ತಕ್ಕೆ ಓಡುತ್ತಿದ್ದ ಹಾಗೇ
ಒಂದೊಂದರ ಸ್ನ್ಯಾಪ್‌ಶಾಟು ತೆಗೆಸಿದೆ.
ಬೋರ್ಡಿನ ಮೇಲೆ ಅದರ ಹೆಸರು: ಕೆಡಿಸುವ ಮೊದಲು.

‘ಈಗ ಕೆಡಸ್ರಿ’ ಅಂದೆ.
ಹನ್ನೊಂದು ವರ್ಷ ಪಾಠ ಹೇಳಿದ್ದರಲ್ಲಿ
ಇದೊಂದು ಮಾತು ಮಾತ್ರ ತಕ್ಷಣ ನಡೆಯಿತು.

ಎರ್ರಿಸ್ವಾಮಿ ಬೇರಿನಿಂದಲೇ ಅಳಿಸಿದ.
ಗಾದಿಲಿಂಗ ಅಂಗಡಿಯ ಸಾಲಗಾರರನ್ನೆಲ್ಲ ಮನ್ನಾ ಮಾಡಿದ.
ಹುಲಿಗೆಮ್ಮ ಮಾತ್ರ ಒಂದೊಂದೇ ಫೈಲನ್ನು
ಬದನೆಕಾಯಿ ಸೀಳಿ ಹುಳ ನೋಡುವ ಹಾಗೆ
ತೆರೆದು, ನೋಡಿ, ಅಳಿಸಿ, ಕಾಯ್ದಳು:
ಯಾವುದು ಹೋದರೆ ಉಸಿರು ಹೋಗುತ್ತದೆ?

ಆಮೇಲೆ ಹಿಂದಕ್ಕೆ. ಒಂದು ಒತ್ತು,
ಸತ್ತದ್ದೆಲ್ಲ ಎದ್ದು ಕೂತಿತು.
ಎರ್ರಿಸ್ವಾಮಿ ಕೈ ತೆಗೆದ ಕೀಬೋರ್ಡಿನಿಂದ:
‘ಮೇಡಂ, ತಾನು ಸತ್ತಿದ್ದು ಇದಕ್ಕ ಗೊತ್ತಿರತೈತೇನ್ರಿ?’
ಇಲ್ಲಪ್ಪ. ಅದಕ್ಕಿನ್ನೂ ಎರಡೂ ನಲವತ್ತು.
ಹೊತ್ತಾಯಿತು ಅಂತ ನೀನೇ ಹೇಳಬೇಕು.

ನಮ್ಮಪ್ಪ ಕೌಲ್ ಬಜಾರಿನಲ್ಲಿ ಜೀನ್ಸಿನ ಕಟಿಂಗ್ ಮಾಸ್ಟರು.
ಎಂಬತ್ತು ಪದರ ಬಟ್ಟೆ ಹಾಸಿ, ರಟ್ಟಿನ ಫರ್ಮಾ ಇಟ್ಟು
ಚಾಕಿನಲ್ಲಿ ಒಂದು ಗೆರೆ. ಒಂದು ಕಾಲಿಗೆ ಎಂಬತ್ತು ಕಾಲು.
ಕ್ಲೋನೆಂಬ ಮಾತನ್ನೇ ಕೇಳದವನು
ಅದರಲ್ಲೇ ನಮಗೆ ಅನ್ನ ಹಾಕಿದ.
ಒಂದು ರಂಜಾನಿನ ಆರ್ಡರಿಗೆ, ನಿದ್ದೆಗೆಟ್ಟು,
ಗೆರೆ ಎರಡು ಬೆರಳು ಜಾರಿತು.
ಎಂಬತ್ತೂ ಎಡಗಾಲು ಗಿಡ್ಡ.
ಸೇಠು ಬಯ್ಯಲಿಲ್ಲ. ಅದು ಇನ್ನೂ ಕೆಟ್ಟದು.
ಅಪ್ಪ ನೀರು ಕುಡಿದು, ಬ್ಲೇಡು ಬದಲಿಸಿ
ಎರಡೂ ಕಾಲನ್ನು ಮೊಣಕಾಲಿಗೆ ಸಮ ಮಾಡಿದ.
ಆ ವರ್ಷ ನಮ್ಮ ಓಣಿಯ ಹುಡುಗರಿಗೆಲ್ಲ
ಒಂದೇ ನೀಲಿಯ ಚಡ್ಡಿ.
‘ಬಟ್ಟಿಗೆ ಹಿಂದ ಇಲ್ಲಬೇ, ಮುಂದ ಐತಿ.’

ಮೂರೂ ಐವತ್ತಕ್ಕೆ ಸರ್ವರು ಉಸಿರುಗಟ್ಟಿತು. ಡಿಸ್ಕು ಭರ್ತಿ.
ಹುಡುಕಿದರೆ ತಪ್ಪು ನನ್ನದೇ:
ಹಾಜರಿಯ ಯಂತ್ರದ ಹಳೇ ಸ್ನ್ಯಾಪ್‌ಶಾಟು,
ಹೋದ ವರ್ಷದ ಆಷಾಢದಲ್ಲಿ ತೆಗೆದದ್ದು,
ಹೆಸರು: ನೋಡೋಣ.
ಅದು ಚಿತ್ರವಲ್ಲ, ನಕಲೂ ಅಲ್ಲ;
ಹಳೆಯದಕ್ಕೆ ಕೈ ಹಚ್ಚಬೇಡ,
ಬದಲಾದದ್ದನ್ನು ಪಕ್ಕದ ಚೀಟಿಯಲ್ಲಿ ಬರೆ ಎಂಬ ಒಪ್ಪಂದ.
ಹದಿನಾಲ್ಕು ತಿಂಗಳಲ್ಲಿ ಚೀಟಿಯೇ ಗೋಡೌನು.

ಅಳಿಸು ಅಂತ ಒತ್ತುವಾಗ ಬೆರಳು ತಡೆಯಿತು.
ಎಷ್ಟು ಸಲ ಪಾಠ ಹೇಳಿದ್ದೇನೆ:
ಅಳಿಸಿದರೆ ಹೋಗುವುದು ಇವತ್ತಲ್ಲ,
ಹಿಂದಿರುಗುವ ದಾರಿ ಅಷ್ಟೇ.
ಬಂದವರು, ಬಾರದವರು, ನಡುವೆ ಬಿಟ್ಟು
ಹೊಲಿಗೆ ಮಷಿನ್ನಿಗೆ ಕೂತ ಇಬ್ಬರು ಹುಡುಗಿಯರು,
ಚೀಟಿಯ ಸಾಲೆಲ್ಲ ನಿಧಾನ
ಮೂಲದ ಪುಸ್ತಕಕ್ಕೆ ಇಳಿದವು.
ನಲವತ್ತು ನಿಮಿಷ. ಯಾರೂ ಮಾತಾಡಲಿಲ್ಲ,
ಎಸಿಯ ಹತ್ತಿರ ನಿಂತಿದ್ದರು.

ಹುಲಿಗೆಮ್ಮ ಹಿಂದಕ್ಕೆ ಒತ್ತಿರಲೇ ಇಲ್ಲ.
‘ಇದು ಹಿಂಗ ಇರ್ಲಿ ಮೇಡಂ.
ಏನೇನಿಲ್ಲದನ ನಡೀತದ ನೋಡ್ತೀನಿ.’
ಬಣ್ಣವಿಲ್ಲ, ಸಹಾಯದ ಪುಟವಿಲ್ಲ,
ಅರ್ಧ ಆಜ್ಞೆಗಳಿಗೆ ಕಿವುಡು;
ಆದರೂ ಅಂಗಡಿಯ ಲೆಕ್ಕ ಕೇಳಿದರೆ
ಪೈಸೆ ತಪ್ಪದೆ ಒಪ್ಪಿಸಿತು.

ಬೀಗ ಹಾಕುವ ಮುಂಚೆ ಒಂದು ಸುತ್ತು ಬಂದೆ.
ಮೂವತ್ತೊಂದು ಯಂತ್ರಗಳು ಮಧ್ಯಾಹ್ನದಲ್ಲೇ ಸಿಕ್ಕಿ,
ಯಾರೂ ಹೊತ್ತು ಹೇಳದೆ ಬಿಟ್ಟು ಹೋಗಿದ್ದಾರೆ.
ಮೂಲೆಯದೊಂದರಲ್ಲಿ ನಾಲ್ಕೂ ಮೂವತ್ತೆಂಟು.
ನನ್ನ ಕೈಗಡಿಯಾರ ನೋಡಿಕೊಂಡೆ,
ಒಂದು ನಿಮಿಷ ಹಿಂದಿತ್ತು.