ನಡುವಿನ ಹದಿನೆಂಟು

ನಮ್ಮ ಮದುವೆಗೆ ತಾರೀಖು ಎರಡು.
ಸರಕಾರಿ ಕಚೇರಿಯ ಖಾತೆಯಲ್ಲಿ ನವೆಂಬರ್ ಹದಿನೇಳು,
ಇಗರ್ಜಿಯ ದಫ್ತರದಲ್ಲಿ ಹತ್ತೊಂಬತ್ತು.
ಎವಾರಿಸ್ತೊ ಹದಿನೇಳರ ಪಕ್ಷ, ನಾನು ಹತ್ತೊಂಬತ್ತರವಳು.
ಮೂವತ್ನಾಲ್ಕು ವರ್ಷ ವಾದಿಸಿ ಗೆದ್ದವರಿಲ್ಲ;
ಹಾಗಾಗಿ ಹದಿನೆಂಟಕ್ಕೆ
ಲಾ ಪ್ಲಾತಾದ ಈ ಎಲುಬಿನ ಮನೆಗೆ ಬರುತ್ತೇವೆ.

ತೀಲೊ ಮರಗಳು ಹೂಬಿಟ್ಟು ಊರಿಗೆ ಊರೇ
ಜೇನಿನಲ್ಲಿ ಅದ್ದಿ ತೆಗೆದಂತಿದೆ.
ಇಲ್ಲಿ ರಸ್ತೆಗೆ ಹೆಸರಿಲ್ಲ, ಬರಿಯ ಅಂಕಿ,
ಅಂಕಿಗಳನ್ನು ಓರೆಯಾಗಿ ಕೊಯ್ಯುವ ದಾರಿಗಳು ಬೇರೆ.
ಹುಟ್ಟಿ ಬೆಳೆದವರೂ ದಾರಿ ತಪ್ಪುತ್ತಾರೆ.
ಇವತ್ತೂ ತಪ್ಪಿದೆವು. ತಪ್ಪು ಅವನದು.

ಬಾಗಿಲಲ್ಲಿ ಎರಡು ಕತ್ತಿಹಲ್ಲಿನ ಹುಲಿ,
ಮಕ್ಕಳು ಹತ್ತಿ ಜಾರಿ ಬೆನ್ನು ನುಣುಪು.
ಎವಾರಿಸ್ತೊ ನಿಂತ. ನಿಲ್ಲುತ್ತಾನೆ.
ನಲವತ್ತು ವರ್ಷ ಹಲ್ಲಿನ ಸೆಟ್ಟು ಮಾಡಿದವನು;
ಯಾರಾದರೂ ನಕ್ಕರೆ ಅವನಿಗೆ ಮೊದಲು ಕಾಣುವುದು
ನಗೆಯಲ್ಲ, ಕೋರೆಯ ಓರೆ.

ಒಳಗೆ ನಾನು ಚೀಟಿ ಓದುತ್ತೇನೆ.
ಪತ್ರಿಕೆಯಲ್ಲಿ ಕರಡು ತಿದ್ದಿದ ಕಣ್ಣು,
ಹತ್ತು ಸಾವಿರ ವರ್ಷದ ಹಿಂದೆ ಸತ್ತ ಪ್ರಾಣಿಯ ಮುಂದೆಯೂ
ಬಿಟ್ಟುಹೋದ ಅಲ್ಪವಿರಾಮಕ್ಕೆ ಮರುಗುತ್ತದೆ.
ಮೂರನೆಯ ಕೋಣೆಯ ತಪ್ಪಕ್ಷರ ಹಾಗೇ ಇದೆ.
ಕಾಗದ ಬರೆದಿದ್ದೆ, ಎರಡು ಸಲ.
ಈಗ ಅದೂ ಸಂಗ್ರಹದ್ದೇ ಒಂದು ವಸ್ತು ಅಂದುಕೊಂಡು
ನಮಸ್ಕಾರ ಹೇಳಿ ಮುಂದೆ ಹೋಗುತ್ತೇನೆ.

"ನೇಲಿದಾ, ನೋಡಿಲ್ಲಿ!" ಕಿವಿ ಮಂದ, ದನಿ ದೊಡ್ಡದು,
ಶಾಲೆಯ ಮಕ್ಕಳೆಲ್ಲ ತಿರುಗಿದರು.
ಆನೆಗಾತ್ರದ ಮೆಗಥೇರಿಯಂ,
ಒಂದೊಂದು ದವಡೆಹಲ್ಲೂ ಬ್ರೆಡ್ಡಿನ ತುಂಡು.
"ಇಂಥ ಗಿರಾಕಿ ಒಬ್ಬ ಸಿಕ್ಕಿದ್ದರೆ ಮನೆಯ ಸಾಲ ತೀರುತ್ತಿತ್ತು."
ಸವೆದಷ್ಟೂ ಬೆಳೆಯುವ ಹಲ್ಲಂತೆ ಅದರದು,
ಚೀಟಿ ಓದಿ ಹೇಳಿದೆ.
ಅವನ ಮುಖ ಸಣ್ಣಗಾಯಿತು:
"ಹಾಗಾದರೆ ನನಗೇನು ಕೆಲಸ?"

ಆ ಮೊದಲ ಹದಿನೆಂಟು, ಶುಕ್ರವಾರ.
ಸರಕಾರದ ಲೆಕ್ಕದಲ್ಲಿ ಗಂಡ ಹೆಂಡತಿ,
ನನ್ನ ಅಮ್ಮನ ಲೆಕ್ಕದಲ್ಲಿ ಇನ್ನೂ ಅಲ್ಲ.
ಅವನು ಅವನ ಮನೆಯಲ್ಲಿ, ನಾನು ನನ್ನ ಮನೆಯಲ್ಲಿ.
ದರ್ಜಿಯ ಹತ್ತಿರ ಹೋಗುತ್ತೇನೆಂದು ಸುಳ್ಳು ಹೇಳಿ ಬಂದು
ಗ್ಲಿಪ್ಟೊಡಾನಿನ ಚಿಪ್ಪಿನ ಹಿಂದೆ,
ಕಾವಲಿನವನು ಆಕಳಿಸುವಾಗ...
ಇರಲಿ.
ಅರ್ಧ ಮದುವೆಯಾದ ಬಾಯಿಗಿದ್ದ ರುಚಿ
ಪೂರ್ತಿಯಾದ ಮೇಲೆ ಮತ್ತೆ ಸಿಗಲಿಲ್ಲ.

ಆ ಚಿಪ್ಪು ಈಗಲೂ ಅಲ್ಲೇ, ಕವುಚಿಟ್ಟ ಹರಿಗೋಲು,
ಬಿಲ್ಲೆ ಬಿಲ್ಲೆ ಎಲುಬಿನ ಹೆಣಿಗೆ.
ಪಕ್ಕೆಯಲ್ಲಿ ಅಂಗೈಯಗಲ ಗಿಲಾವು,
ಸಿಗದೆ ಹೋದ ಜಾಗಕ್ಕೆ ಮೆತ್ತಿದ್ದು,
ಬಿಲ್ಲೆ ಕೆತ್ತಿಲ್ಲ, ಬಣ್ಣ ಬಳಿದಿಲ್ಲ.
"ಕೆಟ್ಟ ಕೆಲಸ," ಅನ್ನುತ್ತಾನೆ ಪ್ರತಿ ವರ್ಷ,
"ತುಂಬಿದ್ದು ಗೊತ್ತಾಗಬಾರದು."
ನಾನು ಸುಮ್ಮನಿರುತ್ತೇನೆ.

ಅವನು ಬೆರಿಸ್ಸೊದ ಅಕ್ಕನ ಮನೆಯಲ್ಲಿದ್ದ ಹನ್ನೊಂದು ತಿಂಗಳು
ನಮ್ಮ ಆಲ್ಬಮ್ಮಿನಲ್ಲಿ ಎಲ್ಲೂ ಇಲ್ಲ.
ಆ ಹದಿನೆಂಟಕ್ಕೆ ನಾನೊಬ್ಬಳೇ ಬಂದಿದ್ದೆ.
ಚಿಪ್ಪಿನ ಆ ಕಡೆ, ಎಲುಬಿನ ಕಾಲುಗಳ ನಡುವೆ,
ಒಂದು ಜೊತೆ ಕಂದು ಬೂಟು.
ಹಿಮ್ಮಡಿ ಹೊಲಿಸಿದ್ದು ನಾನೇ.
ಮಾತಾಡಿಸಲಿಲ್ಲ. ಬೂಟು ಅಲ್ಲಾಡಲಿಲ್ಲ.
ಎಷ್ಟು ಹೊತ್ತೋ.
ಆಮೇಲೆ ಚಿಪ್ಪಿನ ಆ ಕಡೆಯಿಂದ ಒಂದು ಕೆಮ್ಮು.
ಅವನೂ ಇವತ್ತಿನವರೆಗೆ ಹೇಳಿಲ್ಲ.

ಇವತ್ತು ಮುಟ್ಟಬಾರದೆಂಬ ಫಲಕದ ಪಕ್ಕದಲ್ಲೇ
ಗಿಲಾವಿನ ಮೇಲೆ ಹೆಬ್ಬೆರಳಿಟ್ಟ.
"ಗೊತ್ತಾದರೆ ಆಗಲಿ ಬಿಡು," ಅಂದ.
ಚಿಪ್ಪಿನ ಮಾತೇ ಇರಬೇಕು.

ಹೊರಗೆ ಮೆಟ್ಟಿಲ ಮೇಲೆ ಕೂತು ಮಾತೆ ಕುಡಿದೆವು,
ಒಂದೇ ಕೊಳವೆ, ಸರದಿ.
ವಿದ್ಯಾರ್ಥಿ ಹುಡುಗಿಯೊಬ್ಬಳು ಫೋಟೊ ತೆಗೆದುಕೊಟ್ಟಳು,
ಎವಾರಿಸ್ತೊ ಎಂದಿನಂತೆ ತುಟಿ ಬಿಗಿದು.
"ಮದುವೆಯಾಗಿ ಎಷ್ಟು ವರ್ಷವಾಯಿತು?"
"ನಿನ್ನೆಗೆ ಮೂವತ್ನಾಲ್ಕು," ಅಂದ ಅವನು.
"ನಾಳೆಗೆ," ಅಂದೆ ನಾನು, ಒಟ್ಟಿಗೇ.
ಅವಳು ಜೋರಾಗಿ ನಕ್ಕಳು.

"ಎಡಗಡೆ ಮೇಲಿನ ಕೋರೆ ಸ್ವಲ್ಪ ಓರೆ,"
ಬಸ್ಸಿನಲ್ಲಿ ಅವನೆಂದ.
ನನಗೂ ಕಂಡಿತ್ತು.