ಬಲಕ್ಕೆ ತಿರುಗಿದರೆ

ಗೋಪಿ ಸರ್ಕಲ್ ಸುತ್ತುವಾಗ ಮೊದಲು ಕೇಳಿದ್ದು:
ಟಕ್. ಟಕ್. ಟಕ್ಟಕ್.
ಅವರೆಕಾಯಿ ಬಿಡಿಸುವಷ್ಟು ಸಣ್ಣ ಸದ್ದು.
ನೇರ ರಸ್ತೆಗೆ ಬಂದರೆ ಗಪ್‌ಚುಪ್,
ಹೆಡ್‌ಮೇಷ್ಟ್ರು ಬಾಗಿಲಿಗೆ ಬಂದಾಗಿನ ತರಗತಿ.

ಸ್ಟಿಯರಿಂಗ್ ಹಿಡಿದಿದ್ದವಳು ಜಲಜಾಕ್ಷಿ, ಐವತ್ತಮೂರು,
ಸವಳಂಗ ರಸ್ತೆಯಲ್ಲಿ ಮೆಸ್ಸು, ದಿನಕ್ಕೆ ನೂರಿಪ್ಪತ್ತು ಊಟ.
ಸೌಟು ತಿರುವಿದಂತೆಯೇ ತಿರುವುತ್ತಾಳೆ,
ತಳ ಹತ್ತೀತೆಂಬ ಹೆದರಿಕೆಯಲ್ಲಿ, ಕೊನೆಯವರೆಗೂ.
ಪಕ್ಕದ ಸೀಟಿನಲ್ಲಿ ನಾನು, ಈ ಹಳೇ ಸ್ಯಾಂಟ್ರೊದ, ಎಲ್ ಬೋರ್ಡಿನ ಒಡತಿ,
ಒಂದು ಕಾಲು ಸದಾ ನನ್ನ ಪಾಲಿನ ಬ್ರೇಕಿನ ಮೇಲೆ.
"ಏನೋ ಸದ್ದು" ಅಂದೆ.
"ನಿಮಗೂ ಕೇಳ್ಸುತ್ತಾ?" ಅಂದಳು.
"ಒಂದು ವಾರದಿಂದ ನನ್ನ ಮಂಡಿ ಅಂದ್ಕೊಂಡು
ಬಾಯಿ ಮುಚ್ಕೊಂಡಿದ್ದೆ ಮೇಡಂ."

ಆಮೇಲೆ ಬಂದರು ಪಂಡಿತರು.
ಬಂಕಿನ ಹುಡುಗ ಸ್ಟಿಯರಿಂಗ್ ಎಣ್ಣೆ ಕಮ್ಮಿ ಅಂದ, ಸುರಿದ.
ಟೈರಿನವನು ಕಲ್ಲು ಅಂದ,
ನಿಜಕ್ಕೂ ಒಂದು ಸಿಕ್ಕಿತು, ಕಿತ್ತು ಅಂಗೈಗಿಟ್ಟ.
ಸದ್ದು ಅಲ್ಲೇ ಇತ್ತು.
ಬಲಕ್ಕೆ ತಿರುಗಿದಾಗ ತಾನೇ? ಹಾಗಾದರೆ ಬಲದ ಚಕ್ರವೇ ಎಂದು
ಹಟ ಹಿಡಿದು ಬೇರಿಂಗು ಹಾಕಿಸಿದವಳು ನಾನೇ.
ಸಾವಿರದ ಎಂಟುನೂರು.
ಭಾವ ಫೋನಿನಲ್ಲೇ ಮದ್ದು ಹೇಳಿದ:
"ಹಾಡು ಜೋರಾಗಿ ಹಾಕ್ಕೋ."

ಆಟೋ ಕಾಂಪ್ಲೆಕ್ಸಿನ ಹಿಂದಿನ ಸಾಲಿನಲ್ಲಿ ಇನಾಸಣ್ಣ.
ಬಲಗಿವಿಯನ್ನು ಭದ್ರಾವತಿಯಲ್ಲಿ, ಕಬ್ಬಿಣ ಬಡಿಯುವಲ್ಲಿ,
ಹತ್ತೊಂಬತ್ತು ವರ್ಷಕ್ಕೆ ಕಂತಿನಲ್ಲಿ ಕೊಟ್ಟು ಬಂದವನು.
ಒಂದೇ ಕಿವಿಯವನಿಗೆ ಸದ್ದುಂಟು, ದಿಕ್ಕಿಲ್ಲ.
ಕಾಗೆ, ಬಸ್ಸು, ಹೆಂಡತಿ
ಎಲ್ಲರೂ ಎಡದಿಂದಲೇ ಕೂಗುತ್ತಾರೆ.
ಕಿವಿಯನ್ನು ಅವನು ನಂಬುವುದಿಲ್ಲ.
ಚಪ್ಪಲಿ ಬಿಟ್ಟು ನನ್ನ ಸೀಟಿನಲ್ಲಿ ಕೂತ,
ಮ್ಯಾಟು ತೆಗೆಸಿ ತಗಡಿನ ಮೇಲೆ ಬರಿಗಾಲು ಊರಿದ.
ನಾನು ಹಿಂದಕ್ಕೆ.
"ಓಡ್ಸಮ್ಮಾ. ಆ ಖಾಲಿ ಜಾಗ. ಬಲಕ್ಕೆ ಪೂರ್ತಿ ತಿರುವಿ ಸುತ್ತು."

ಸುತ್ತಿದಳು.
ಒಂದು ನಾಯಿ ಎದ್ದು ಜಾಗ ಬದಲಿಸಿತು, ಮತ್ತೆ ಎದ್ದಿತು,
ಮೂರನೇ ಸಲಕ್ಕೆ ಊರೇ ಬೇಡವೆಂದು ಹೊರಟುಹೋಯಿತು.
ಕೆಂಧೂಳು. ಟಕ್. ಟಕ್. ಟಕ್ಟಕ್.
ಇನಾಸಣ್ಣ ಕಣ್ಣು ಮುಚ್ಚಿದ.
ಎಡಗಾಲಿನ ಹೆಬ್ಬೆರಳು ಮೆಲ್ಲಗೆ ತಲೆಯೆತ್ತಿತು.
"ಈಗ ಎಡಕ್ಕೆ."
ಏನಿಲ್ಲ.
"ಸಾಕು. ಎಡದ್ದು ಬಿಚ್ಚಬೇಕು."

ಎಡದ್ದಾ? ಅಂದೆ, ನನ್ನ ಸಾವಿರದ ಎಂಟುನೂರು ನೆನೆದು.
"ಬಲಕ್ಕೆ ತಿರುಗಿದ್ರೆ ಭಾರ ಎಡಕ್ಕೆ ಬೀಳುತ್ತೆ.
ಆಗುಂಬೆ ಬಸ್ಸಲ್ಲಿ ನಿಂತಿಲ್ವಾ ನೀವು?
ತಿರುವಲ್ಲಿ ಪಕ್ಕದೋನು ಮೈಮೇಲೆ ಬರಲ್ವಾ?
ತಿರುಗೋನು ಕೂಗಲ್ಲಮ್ಮ.
ಹೊರೋನು ಕೂಗ್ತಾನೆ."

ಚಕ್ರ ಕಳಚಿದರೆ, ಹಾರ್ಮೋನಿಯಂ ತಿದಿಯಂಥ ರಬ್ಬರು ಬೂಟು
ಒಂದು ಮಡಿಕೆಯಲ್ಲಿ ಬಾಯಿಬಿಟ್ಟಿತ್ತು.
ರಿಮ್ಮಿನ ಒಳಮೈಗೆಲ್ಲ ಗ್ರೀಸು ಉಗುಳಿ
ಬದಲಿಗೆ ಕುಡಿದಿತ್ತು ಊರಿನ ಮಣ್ಣು.
ಜಾಯಿಂಟು ಬಿಡಿಸಿ ಒಂದೊಂದೇ ಗುಂಡು ಒರೆಸಿ
ನನ್ನ ಕೈಗೆ ಹಾಕಿದ, ಆರು.
ಹುಳುಕು ಹಲ್ಲಿನ ಹಾಗೆ ಸಣ್ಣ ಸಣ್ಣ ಗುಳಿ.

ಯಾರ್ಯಾರ ಗುಳಿಯೋ.
ನಿಂತಲ್ಲೇ ಚಕ್ರ ತಿರುಚುತ್ತಿದ್ದ ಪಶುವೈದ್ಯರದ್ದು,
ಒಟ್ಟಿಗೇ ಸೇರಿ ಒಟ್ಟಿಗೇ ಪಾಸಾದ ಮೂವರು ಅಕ್ಕತಂಗಿಯರದ್ದು,
ಎಂಟು ಆಕಾರ ಹಾಕಲಾಗದೆ ನಾಲ್ಕು ಸಲ ಫೇಲಾದ
ಲೆಕ್ಕದ ಮೇಷ್ಟ್ರದ್ದು.
ದಿನವಿಡೀ ಎಡ ನೋಡು, ಬಲ ನೋಡು ಅನ್ನುವ ನಾನು
ನನ್ನದೇ ಬ್ರೇಕಿನಿಂದ ಮೊಳದಾಚೆ ಸವೆಯುತ್ತಿದ್ದುದನ್ನು
ಯಾವ ಕಡೆ ಹುಡುಕಿದೆ!

ಸಂಜೆ, ಹೊಸ ಜಾಯಿಂಟು, ಹೊಸ ಬೂಟು.
ಗೋಪಿ ಸರ್ಕಲ್ಲಿಗೆ ಮೂರು ಸುತ್ತು ಬಂದೆವು,
ಟ್ರಾಫಿಕ್ ಪೊಲೀಸು ಎರಡನೆಯದಕ್ಕೇ ಪೀಪಿ ಬಾಯಿಗಿಟ್ಟಿದ್ದ.
ಒಂದು ಸದ್ದಿಲ್ಲ.
ಆ ಸದ್ದಿಲ್ಲದ್ದನ್ನೇ ಕಿವಿಗೊಟ್ಟು ಕೇಳುತ್ತ
ಇಬ್ಬರೂ ಮಾತಾಡಲಿಲ್ಲ, ಮೆಸ್ಸಿನ ಬಾಗಿಲವರೆಗೆ.

ಗಾಡಿ ನಿಲ್ಲಿಸಿದಳು. ಹ್ಯಾಂಡ್‌ಬ್ರೇಕ್ ಮರೆಯಲಿಲ್ಲ.
ಸೆರಗು ಸಿಕ್ಕಿಸಿ, ಬಾಗಿಲು ಹಿಡಿದು, ಎದ್ದಳು.
ಟಕ್.
ನನ್ನ ಕಡೆ ತಿರುಗಿ,
"ಇದು ನಂದೇ" ಅಂದಳು ಜಲಜಾಕ್ಷಿ.
ಒಳಗೆ ಸಾರು ಕುದಿಯುತ್ತಿತ್ತು.