ದ್ವಿತೀಯಾ ವಿಭಕ್ತಿ

ಬುಧವಾರ ಹತ್ತೂವರೆಗೆ ಮೋಕ್ಷಿತ್ ಬರುತ್ತಾನೆ
ಪಾಂಡವಪುರದಿಂದ ಪ್ಯಾಸೆಂಜರ್ ಹತ್ತಿ,
ಅಜ್ಜಿ ಚಿಕ್ಕತಾಯಮ್ಮನ ಸೆರಗಿನ ತುದಿ ಹಿಡಿದು.
ಮಾನಸಗಂಗೋತ್ರಿಯ ಈ ಕೋಣೆಯಲ್ಲಿ ಫ್ಯಾನು ಕಿರುಗುಟ್ಟುತ್ತದೆ.
ಮೇಜಿನ ಮೇಲೆ ಪ್ಲಾಸ್ಟಿಕ್ಕಿನ ಒಂದು ಆನೆ, ಒಂದು ಕುದುರೆ.

‘ಹುಲ್ಲನ್ನು ಹಸು ತಿಂದಿತು’ ಅಂದರೆ ತಪ್ಪುವುದಿಲ್ಲ ಅವನು.
ಹುಲ್ಲು ಎಂದಾದರೂ ಹಸುವನ್ನು ಮೇಯ್ದದ್ದುಂಟೆ?
ಲೋಕ ತಾನೇ ಬಂದು ಕೈಹಿಡಿದು ದಾಟಿಸುವ ವಾಕ್ಯ ಅದು.

‘ಆನೆಯನ್ನು ಕುದುರೆ ತಳ್ಳಿತು. ತೋರಿಸು, ಮರಿ.’
ಆನೆಯನ್ನೆತ್ತಿ ಕುದುರೆಗೆ ಗುದ್ದಿಸುತ್ತಾನೆ,
ಕುದುರೆ ಮೇಜಿನಾಚೆ ಉರುಳುತ್ತದೆ, ನಗುತ್ತಾನೆ.
ನಾನು ಹಾಳೆಯಲ್ಲಿ ಸೊನ್ನೆ ಬರೆಯುತ್ತೇನೆ.
ಮೊದಲು ಬಂದವನೇ ಮಾಡಿದವನು,
ಅವನ ವ್ಯಾಕರಣಕ್ಕೆ ಇದೊಂದೇ ಸೂತ್ರ.
‘ಅನ್ನು’ ಎಂಬ ಆ ಚೋಟುದ್ದದ ಬಾಲ
ಕಿವಿ ಸರಿಯಿದ್ದೂ ಕಿವಿಯ ಪಕ್ಕ ಹಾದುಹೋಗುತ್ತದೆ
ಯಲಿಯೂರಿನಲ್ಲಿ ನಿಲ್ಲದ ಎಕ್ಸ್‌ಪ್ರೆಸ್ಸಿನಂತೆ.

ಎಲೆಯಡಿಕೆ ಚೀಲ ಮಡಿಚುತ್ತಾ ಚಿಕ್ಕತಾಯಮ್ಮ ಅಂದರು:
‘ಇಸ್ಕೂಲಲ್ಲಿ ಇವನ್ನ ಯಾರೋ ಮೆಟ್ಲಿಂದ ನೂಕವ್ರೆ ಕಣವ್ವ,
ಮಂಡಿ ತರ್ದೋಗಿತ್ತು.
ಮೇಷ್ಟ್ರು ಬಂದು “ಮೋಕ್ಷಿತ್‌ನ ನೂಕಿದ್ಯಾರು?” ಅಂದ್ರೆ
ಇವ್ನೇ ಕೈ ಎತ್ಬುಟ್ಟವ್ನೆ.
ಆಟ ಆಡ್ತೀಯಾ ಅಂತ, ಎತ್ತಿದ ಕೈ ಮ್ಯಾಲೇ ಬಿತ್ತಂತೆ ಏಟು.’

ಹಾಳೆಯ ಮೇಲಿನ ಸೊನ್ನೆಗೂ ಬಾಸುಂಡೆ ಎದ್ದ ಹಾಗಿತ್ತು.

ಆಷಾಢ ಪೂರ್ತಿ ನಾವು ಮಾಡಿದ್ದು ಒಂದೇ ಕೆಲಸ:
ಹೆಸರಿಗೆ ಬಾಲ ಬಂದ ಪ್ರಾಣಿಗೆ
ಕೆಂಪು ರಬ್ಬರ್‌ಬ್ಯಾಂಡು ಕಟ್ಟುವುದು.
‘ಕುದುರೆ... ಯ... ನ್ನು’, ಎಳೆದೆಳೆದು, ನಾಲಿಗೆ ಹಲ್ಲಿಗೊತ್ತಿ.
ಕೆಲವು ಸಲ ಕಟ್ಟಿದ.
ಕೆಲವು ಸಲ ಬ್ಯಾಂಡು ನನ್ನ ಮೂಗಿಗೆ ಹಾರಿಸಿದ.
ಉದ್ದ ವಾಕ್ಯ ಬಂದರೆ ಈಗಲೂ ಕಿಟಕಿಯಾಚೆ ನೋಡುತ್ತಾನೆ;
ಕ್ರಿಯಾಪದಕ್ಕೆ ಕೊನೆತನಕ ಕಾಯಿಸುವ ಭಾಷೆ ನಮ್ಮದು,
ಅಷ್ಟರೊಳಗೆ ಮೊದಲ ಪದ ಅವನ ಕೈಯಿಂದ ಜಾರಿರುತ್ತದೆ.

ಮೊನ್ನೆ ಚಪ್ಪಲಿ ಮೆಟ್ಟುತ್ತಾ ಅಂದ, ಯಾರೂ ಕೇಳಿರಲಿಲ್ಲ:
‘ನನ್ನ... ಗಗನ್ ನೂಕ್ದ.’
ನನ್ನ. ಆಡುಮಾತಿನಲ್ಲಿ ಅದು ಎರಡೂ ಹೌದು,
ನನ್ನ ಚಪ್ಪಲಿಯ ನನ್ನ,
ನೂಕಿಸಿಕೊಂಡು ಬಿದ್ದ ನನ್ನ.
ಯಾವ ಕಾಲಮ್ಮಿಗೆ ಬರೆಯಲಿ ಎಂದು ಯೋಚಿಸುವಷ್ಟರಲ್ಲಿ
‘ಗಾಡಿ ತಪ್ಪೋಯ್ತದೆ’ ಎಂದು ಅಜ್ಜಿ ಎದ್ದರು.
ಹೊರಗೆ, ನೀಲಗಿರಿ ಮರಗಳ ಕೆಳಗೆ,
ಅಜ್ಜಿಯನ್ನು ಅವನು ಎಳೆದುಕೊಂಡು ಓಡುತ್ತಿದ್ದ.